ಯಂತ್ರದ ಎದುರು ನಿಂತವರು

ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್ ಪ್ರದರ್ಶನಕ್ಕೆ ಒಮ್ಮೆಯಾದರೂ ಹೋದವರು ಅಂಧರಿಗಾಗಿ ಮಾಡಿದ ‘ಸ್ಮಾರ್ಟ್ ಸ್ಟಿಕ್’ ನೋಡದೆ ಬಂದಿರಲಾರರು. ಬಿಳಿಯ ಪಿವಿಸಿ ಪೈಪು, ಅದಕ್ಕೆ ಕೇಬಲ್ ಟೈ ಹಾಕಿ ಬಿಗಿದ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕೆಳತುದಿಯ ಹತ್ತಿರ ಅಲ್ಟ್ರಾಸಾನಿಕ್ ಸೆನ್ಸರು, ಇನ್ಸುಲೇಷನ್ ಟೇಪು ಸುತ್ತಿದ 9 ವೋಲ್ಟಿನ ಬ್ಯಾಟರಿ, ಕೊನೆಗೊಂದು ಬಝರ್. ಸೆನ್ಸರು ಮನುಷ್ಯರ ಕಿವಿಗೆ ಕೇಳಿಸದ 40 ಕಿಲೋಹರ್ಟ್ಸ್ ಶಬ್ದವನ್ನು ಹೊರಡಿಸುತ್ತದೆ. ಒಂದು ಮೀಟರ್ ದೂರದಲ್ಲಿ ಗೋಡೆಯಿದ್ದರೆ ಪ್ರತಿಧ್ವನಿ ಸುಮಾರು 6 ಮಿಲಿಸೆಕೆಂಡಿನಲ್ಲಿ ಹಿಂದಿರುಗುತ್ತದೆ. ಆ ಹೊತ್ತನ್ನು ಅಳೆದು ಬೋರ್ಡು ದೂರವನ್ನು ಲೆಕ್ಕ ಹಾಕಿ ಬಝರನ್ನು ಕೂಗಿಸುತ್ತದೆ. ಪರೀಕ್ಷಕರು ಕೋಲಿನ ಮುಂದೆ ಕೈ ಹಿಡಿಯುತ್ತಾರೆ, ಬಝರ್ ಕೂಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ.

ಆ ಬಝರ್ ಕೂಗುವುದು ಯಾರಿಗಾಗಿ ಎಂದು ಕೇಳಿಕೊಂಡರೆ ಸಿಗುವ ಉತ್ತರ ಕಸಿವಿಸಿ ಹುಟ್ಟಿಸುತ್ತದೆ. ಕಣ್ಣು ಕಾಣದವರು ರಸ್ತೆಯಲ್ಲಿ ನಡೆಯುವಾಗ ಹೆಚ್ಚಾಗಿ ನೆಚ್ಚಿಕೊಳ್ಳುವುದು ಕಿವಿಯನ್ನು. ಕೋಲು ನೆಲಕ್ಕೆ ತಗಲಿದಾಗ ಹುಟ್ಟುವ ಸದ್ದಿನಿಂದಲೇ ಪಕ್ಕದಲ್ಲಿ ಗೋಡೆಯಿದೆಯೇ, ಬಯಲಿದೆಯೇ ಎಂಬುದು ಅವರಿಗೆ ತಿಳಿಯುತ್ತದೆ. ಬಸ್ಸು ಯಾವ ಕಡೆಯಿಂದ ಬರುತ್ತಿದೆ, ಆಟೊ ತಿರುಗುತ್ತಿದೆಯೇ, ನಿಂತಿದೆಯೇ, ಮುಂದೆ ನಡೆಯುತ್ತಿರುವವರು ಎಷ್ಟು ದೂರದಲ್ಲಿದ್ದಾರೆ ಎಂಬುದೆಲ್ಲ ಕಿವಿಗೆ ಸೇರಿದ ತಿಳಿವಳಿಕೆ. ಅಂಥವರ ಕೈಗೆ ಬಿಡದೆ ಕೂಗುವ ಸಾಧನವನ್ನು ಕೊಟ್ಟರೆ ಅವರಿಗಿರುವ ಮುಖ್ಯ ಆಧಾರಕ್ಕೇ ಅಡ್ಡಿ ಮಾಡಿದಂತಾಗುತ್ತದೆ. ಜೊತೆಗೆ, ಕೂಗುವ ಕೋಲು ಬಸ್ ನಿಲ್ದಾಣದಲ್ಲಿರುವ ಎಲ್ಲರ ದೃಷ್ಟಿಯನ್ನೂ ಅದನ್ನು ಹಿಡಿದವರ ಕಡೆಗೆ ತಿರುಗಿಸುತ್ತದೆ. ಅದು ಯಾರಿಗೂ ಹಿತವಾದುದಲ್ಲ. ಹೀಗಿದ್ದೂ ವರ್ಷ ವರ್ಷವೂ ಬಝರ್ ಬರುವುದು ಏಕೆಂದರೆ ಅದು ಪರೀಕ್ಷಕರಿಗೆ ಕೇಳಿಸುತ್ತದೆ. ಹಿಡಿಯಲ್ಲಿ ಹುಟ್ಟುವ ಕಂಪನವನ್ನು ಮೇಜಿನ ಆಚೆ ನಿಂತವರಿಗೆ ತೋರಿಸಲು ಬರುವುದಿಲ್ಲ. ಯಂತ್ರವನ್ನು ಬಳಸುವವರು ಒಬ್ಬರು, ಅದಕ್ಕೆ ಅಂಕ ಕೊಡುವವರು ಇನ್ನೊಬ್ಬರು ಆದಾಗ ವಿನ್ಯಾಸ ತಾನಾಗಿಯೇ ಅಂಕ ಕೊಡುವವರ ಕಡೆಗೆ ವಾಲುತ್ತದೆ.

ಇದೇ ಕೋಲಿಗೆ ನಮ್ಮ ದೇಶದಲ್ಲೇ ಇನ್ನೊಂದು ಚರಿತ್ರೆಯೂ ಇದೆ. ದೆಹಲಿಯ ಐಐಟಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ಸ್ನಾತಕ ವಿದ್ಯಾರ್ಥಿಗಳ ತರಗತಿ ಪ್ರಾಜೆಕ್ಟಾಗಿ ಆರಂಭವಾದ ‘ಸ್ಮಾರ್ಟ್‌ಕೇನ್’, ಹತ್ತಿರ ಹತ್ತಿರ ಒಂದು ದಶಕದ ಕೆಲಸದ ನಂತರ 2014ರಲ್ಲಿ ಬಳಕೆದಾರರ ಕೈಗೆ ಬಂತು. ದೃಷ್ಟಿದೋಷವುಳ್ಳವರ ನಡುವೆ ಕೆಲಸ ಮಾಡುವ ‘ಸಕ್ಷಮ್’ ಸಂಸ್ಥೆ ಅದರಲ್ಲಿ ಜೊತೆಗಿತ್ತು. ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಅದನ್ನು ತಯಾರಿಸಿತು. ಆ ತಂಡ ಬಿಳಿಕೋಲನ್ನು ಬದಲಿಸಲು ಹೋಗಲಿಲ್ಲ. ನೆಲದ ಮೇಲಿನ ಕಲ್ಲು, ಮೆಟ್ಟಿಲು, ಗುಂಡಿಗಳನ್ನು ಬಿಳಿಕೋಲು ಚೆನ್ನಾಗಿಯೇ ಕಂಡುಹಿಡಿಯುತ್ತದೆ. ಅದಕ್ಕೆ ಸಿಕ್ಕದೆ ಹೋಗುವುದು ಮೊಣಕಾಲಿಗಿಂತ ಮೇಲಿರುವವು. ಬಾಗಿದ ಮರದ ಕೊಂಬೆ, ನಿಂತ ಲಾರಿಯ ಹಿಂಭಾಗ, ರಸ್ತೆಗೆ ತೆರೆದುಕೊಂಡ ಕಿಟಕಿಯ ಬಾಗಿಲು ಮುಂತಾದವು ನೇರವಾಗಿ ಎದೆಗೆ, ಮುಖಕ್ಕೆ ಬಡಿಯುತ್ತವೆ. ಹಾಗಾಗಿ ಕೋಲಿನ ಹಿಡಿಗೆ ಸಿಕ್ಕಿಸಿ ತೆಗೆಯಬಹುದಾದ ಸಾಧನವೊಂದನ್ನು ಅವರು ಮಾಡಿದರು. ಅದು ಸುಮಾರು 3 ಮೀಟರ್ ದೂರದವರೆಗಿನ ಎತ್ತರದ ಅಡ್ಡಿಗಳನ್ನು ಗುರುತಿಸಿ, ಅಡ್ಡಿ ಹತ್ತಿರವಾದಂತೆ ಬದಲಾಗುವ ಕಂಪನದಿಂದ ಅಂಗೈಗೆ ತಿಳಿಸುತ್ತದೆ. ಕೋಲನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿಯುತ್ತಾರೆ ಎಂಬುದೂ ವಿನ್ಯಾಸದ ಲೆಕ್ಕಕ್ಕೆ ಸೇರಿತು.

ಎರಡೂ ಕೋಲುಗಳಲ್ಲಿರುವ ಸೆನ್ಸರಿನ ತತ್ತ್ವ ಒಂದೇ. ಒಂದನ್ನು ಮೇಜಿನ ಮೇಲೆ ಯೋಚಿಸಲಾಗಿದೆ, ಇನ್ನೊಂದನ್ನು ಬಳಸುವವರ ಜೊತೆ ಯೋಚಿಸಲಾಗಿದೆ. ಕಾಲೇಜಿನಲ್ಲಿ ಪಾಠ ಹೇಳುತ್ತಾ, ಪ್ರಾಜೆಕ್ಟುಗಳಿಗೆ ಗೈಡ್ ಆಗಿ ಇರುತ್ತಾ ನಾನು ಬಂದು ನಿಂತಿರುವ ಅಭಿಪ್ರಾಯ ಇದು: ರೋಬೋಟಿಕ್ಸ್‌ನಲ್ಲಿ, ಮನುಷ್ಯ ಮತ್ತು ಯಂತ್ರದ ಒಡನಾಟದ ಅಧ್ಯಯನದಲ್ಲಿ, ವಿದ್ಯಾರ್ಥಿಯೊಬ್ಬ ನಿಜವಾಗಿಯೂ ಹೊಸದೇನನ್ನಾದರೂ ಕಂಡುಹಿಡಿಯಬಲ್ಲ ಜಾಗ ಯಂತ್ರದ ಎದುರು ನಿಂತ ಮನುಷ್ಯರಲ್ಲಿದೆ. ಮೋಟರು, ಬ್ಯಾಟರಿ, ಕ್ಯಾಮೆರಾಗಳಲ್ಲಿ ದೊಡ್ಡ ಕಂಪನಿಗಳ ಜೊತೆ ಪೈಪೋಟಿ ಮಾಡಲು ನಾಲ್ಕು ಜನರ ತಂಡಕ್ಕೆ ಆಗದು. ಆದರೆ ಒಬ್ಬ ಮನುಷ್ಯ ಯಂತ್ರದ ಮುಂದೆ ಏನು ಮಾಡುತ್ತಾನೆ ಎಂಬುದನ್ನು ತಾಳ್ಮೆಯಿಂದ ನೋಡಿ ಬರೆದುಕೊಳ್ಳಲು ಬೇಕಾದ ಸಾಮಗ್ರಿ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ಇದೆ.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಒಂದು ಜೆರಾಕ್ಸ್ ಯಂತ್ರದ ಅಧ್ಯಯನ. ಲೂಸಿ ಸಚ್‌ಮನ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಡಾಕ್ಟರೇಟ್ ವಿದ್ಯಾರ್ಥಿನಿಯಾಗಿದ್ದಾಗ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಕಂಪನಿ ಆಗಷ್ಟೇ ಹೊರತಂದಿದ್ದ ದೊಡ್ಡ ನಕಲು ಯಂತ್ರ ಬಳಸಲು ಬಹಳ ಕಷ್ಟ ಎಂಬ ದೂರು ಇತ್ತು. ಪರಿಹಾರವಾಗಿ ಬಳಕೆದಾರರಿಗೆ ಹೆಜ್ಜೆಹೆಜ್ಜೆಗೂ ಸೂಚನೆ ಕೊಡುವ ‘ಬುದ್ಧಿವಂತ’ ಸಹಾಯಕ ವ್ಯವಸ್ಥೆಯೊಂದನ್ನು ಅಲ್ಲಿಯ ಸಂಶೋಧಕರು ರೂಪಿಸುತ್ತಿದ್ದರು. ಸಚ್‌ಮನ್ ಆ ಯಂತ್ರದ ಮುಂದೆ ಜನರನ್ನು ಜೋಡಿಯಾಗಿ ನಿಲ್ಲಿಸಿ ವಿಡಿಯೊ ಮಾಡಿದರು. ಜೋಡಿ ಏಕೆಂದರೆ ಒಬ್ಬರೇ ಇದ್ದರೆ ಮನಸ್ಸಿನಲ್ಲೇ ಗೊಂದಲಪಡುತ್ತಾರೆ. ಇಬ್ಬರಿದ್ದರೆ ‘ಈಗ ಏನು ಮಾಡಬೇಕಂತೆ?’, ‘ಅದು ಯಾಕೆ ಹಾಗೆ ಹೇಳುತ್ತಿದೆ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಯೋಚನೆ ಮಾತಾಗಿ ಹೊರಬರುತ್ತದೆ. ಹಾಗೆ ಯಂತ್ರದ ಮುಂದೆ ಪೇಚಾಡಿದವರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1975ರಲ್ಲಿ ಹಂಚಿಕೊಂಡಿದ್ದ ಅಲೆನ್ ನ್ಯೂವೆಲ್ ಕೂಡ ಒಬ್ಬರು. ಕೃತಕ ಬುದ್ಧಿಮತ್ತೆಯ ಆದ್ಯರಲ್ಲೊಬ್ಬರಿಗೆ ಕಾಗದದ ಎರಡೂ ಬದಿಗೆ ಪ್ರತಿ ತೆಗೆಯಲು ಆಗದಿದ್ದರೆ, ತೊಡಕು ಬಳಕೆದಾರರ ಅಜ್ಞಾನದಲ್ಲಿಲ್ಲ ಎಂಬುದು ಸ್ಪಷ್ಟ.

ಸಚ್‌ಮನ್ ಆ ವಿಡಿಯೊಗಳನ್ನು ಬರೆದಿಟ್ಟ ಕ್ರಮವೇ ಒಂದು ದೊಡ್ಡ ಆವಿಷ್ಕಾರ ಎಂದು ನಾನು ನಂಬುತ್ತೇನೆ. ಪುಟವನ್ನು ನಾಲ್ಕು ಅಂಕಣಗಳಾಗಿ ಸೀಳಿದರು. ಮೊದಲನೆಯದು ಬಳಕೆದಾರರು ಮಾಡಿದ, ಆದರೆ ಯಂತ್ರಕ್ಕೆ ತಿಳಿಯದ ಸಂಗತಿಗಳು. ಎರಡನೆಯದು ಬಳಕೆದಾರರು ಮಾಡಿದವುಗಳಲ್ಲಿ ಯಂತ್ರಕ್ಕೆ ತಿಳಿದವು. ಮೂರನೆಯದು ಯಂತ್ರ ಮಾಡಿದ್ದರಲ್ಲಿ ಬಳಕೆದಾರರಿಗೆ ಕಾಣಿಸಿದವು. ನಾಲ್ಕನೆಯದು ಯಂತ್ರ ಹಾಗೆ ಮಾಡುವುದರ ಹಿಂದೆ ವಿನ್ಯಾಸಕಾರರು ಇಟ್ಟಿದ್ದ ಉದ್ದೇಶ. ಹೀಗೆ ಬರೆದಾಗ ಮೊದಲ ಅಂಕಣ ಮಾತು, ನೋಟ, ಅನುಮಾನ, ನಗುಗಳಿಂದ ತುಂಬಿ ತುಳುಕುತ್ತದೆ; ಎರಡನೆಯದರಲ್ಲಿ ಎಲ್ಲೋ ಒಂದು ಬಟನ್ ಒತ್ತಿದ್ದು, ಒಂದು ಮುಚ್ಚಳ ತೆರೆದದ್ದು ಮಾತ್ರ ಇರುತ್ತದೆ. ಯಂತ್ರ ತನ್ನ ಎದುರಿನ ಮನುಷ್ಯರನ್ನು ಎಷ್ಟು ಸಣ್ಣ ಕಿಂಡಿಯಿಂದ ನೋಡುತ್ತಿದೆ ಎಂಬುದು ಖಾಲಿ ಬಿದ್ದ ಆ ಅಂಕಣದಲ್ಲಿ ಕಣ್ಣಿಗೆ ರಾಚುತ್ತದೆ.

ಆ ಅಧ್ಯಯನದಲ್ಲಿ ನನ್ನನ್ನು ಬಹಳ ಕಾಡಿದ ಒಂದು ಸೂಕ್ಷ್ಮವಿದೆ. ಯಂತ್ರದ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ, ಬಳಕೆದಾರರು ಅದರಂತೆ ಮಾಡುತ್ತಾರೆ, ಅದೇ ಸೂಚನೆ ಮತ್ತೆ ಬರುತ್ತದೆ. ಇದರ ಅರ್ಥ ‘ಮುಂದಿನ ಪುಟಕ್ಕೂ ಹೀಗೆಯೇ ಮಾಡಿ’ ಎಂದಿರಬಹುದು, ಅಥವಾ ‘ನೀವು ಈಗ ಮಾಡಿದ್ದು ಸರಿಯಾಗಲಿಲ್ಲ’ ಎಂದಿರಬಹುದು. ಮನುಷ್ಯರ ಮಾತುಕತೆಯಲ್ಲಿ ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ಸಾಲಲಿಲ್ಲ ಎಂದೇ ನಾವು ತಿಳಿಯುತ್ತೇವೆ. ಧ್ವನಿಯಿಂದ, ಹುಬ್ಬಿನಿಂದ ಅನುಮಾನ ತೀರಿಸಿಕೊಳ್ಳುತ್ತೇವೆ. ಯಂತ್ರ ಮಾತ್ರ ಅದೇ ಅಕ್ಷರಗಳನ್ನು ಅದೇ ಜಾಗದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಈ ಸಂಶೋಧನೆ 1987ರಲ್ಲಿ ಪುಸ್ತಕವಾಗಿ ಬಂತು. ಮನುಷ್ಯ–ಯಂತ್ರ ಒಡನಾಟವನ್ನು ಓದುವವರು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಯಂತ್ರವನ್ನು ಕಟ್ಟದೆ, ಅದರ ಮುಂದೆ ನಿಂತವರನ್ನು ನೋಡಿ ಬರೆದ ಒಂದು ವಿದ್ಯಾರ್ಥಿ ಪ್ರಬಂಧಕ್ಕೆ ಇಷ್ಟು ಆಯುಷ್ಯ ಸಿಕ್ಕಿದೆ.

ಯಂತ್ರವನ್ನು ಕಟ್ಟಿಯೂ ಮನುಷ್ಯರನ್ನು ಹೀಗೆಯೇ ನೋಡಿದ ವಿದ್ಯಾರ್ಥಿನಿ ಸಿಂಥಿಯಾ ಬ್ರೇಝಿಯಲ್. 1990ರ ದಶಕದ ಕೊನೆಯಲ್ಲಿ, ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ರೋಬೋಟ್ ತಜ್ಞ ರಾಡ್ನಿ ಬ್ರೂಕ್ಸ್ ಅವರ ಬಳಿ ಡಾಕ್ಟರೇಟ್ ಮಾಡುತ್ತಿದ್ದಾಗ ಅವರು ‘ಕಿಸ್ಮೆಟ್’ ಎಂಬ ರೋಬೋಟನ್ನು ರೂಪಿಸಿದರು. ಅದಕ್ಕೆ ಮೈಯಿಲ್ಲ, ತಲೆ ಮಾತ್ರ. ಅಲುಗುವ ಕಿವಿ, ಹುಬ್ಬು, ರೆಪ್ಪೆ, ಕೆಂಪು ತುಟಿ. ಎದುರಿನವರು ಮುಖವನ್ನು ತೀರಾ ಹತ್ತಿರ ತಂದರೆ ಅದರ ಕ್ಯಾಮೆರಾಗಳಿಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಇದಕ್ಕೆ ಬೇರೆ ಲೆನ್ಸ್ ಹುಡುಕುವ ಬದಲು, ಯಾರಾದರೂ ಹತ್ತಿರ ಬಂದೊಡನೆ ತಲೆಯನ್ನು ತುಸು ಹಿಂದಕ್ಕೆ ಸರಿಸುವಂತೆ ಕಿಸ್ಮೆಟ್ಟನ್ನು ಅಣಿಗೊಳಿಸಲಾಯಿತು. ಅದು ಹಿಂದೆ ಸರಿದರೆ ಎದುರಿನವರೂ ಯಾರೂ ಹೇಳದೆಯೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಕ್ಯಾಮೆರಾದ ಮಿತಿಯನ್ನು ಮನುಷ್ಯರ ಮರ್ಯಾದೆ ಸರಿದೂಗಿಸಿತು. ಇಂಥ ಪರಿಹಾರ ಹೊಳೆಯಬೇಕಾದರೆ ಇಬ್ಬರು ಮಾತಾಡುವಾಗ ನಡುವೆ ಎಷ್ಟು ಅಂತರ ಬಿಡುತ್ತಾರೆ ಎಂಬುದನ್ನು ಗಮನಿಸಿರಬೇಕು.

ಕಿಸ್ಮೆಟ್‌ಗೆ ಪದಗಳ ಅರ್ಥ ತಿಳಿಯುತ್ತಿರಲಿಲ್ಲ. ಬ್ರೇಝಿಯಲ್ ಮತ್ತು ಅಲ್ಲಿಯೇ ವಿದ್ಯಾರ್ಥಿನಿಯಾಗಿದ್ದ ಲಿಜಿನ್ ಆರ್ಯನಂದ ಸೇರಿ ಅದಕ್ಕೆ ಧ್ವನಿಯ ಏರಿಳಿತವನ್ನು ಕಲಿಸಿದರು. ಮೆಚ್ಚುಗೆ, ಗದರಿಕೆ, ಗಮನ ಸೆಳೆಯುವುದು, ಸಂತೈಸುವುದು, ಈ ನಾಲ್ಕನ್ನೂ ಅದು ಸ್ವರದ ಎತ್ತರ ಮತ್ತು ಬಲದಿಂದ ಗುರುತಿಸುತ್ತಿತ್ತು. ಇದಕ್ಕೆ ಆಧಾರ ಆನ್ ಫೆರ್ನಾಲ್ಡ್ ಎಂಬ ಮನಶ್ಶಾಸ್ತ್ರಜ್ಞೆಯ ಕೆಲಸ: ಬೇರೆ ಬೇರೆ ಭಾಷೆಯ ತಾಯಂದಿರು ಹಸುಗೂಸುಗಳೊಡನೆ ಮಾತಾಡುವಾಗ ಅವರ ಧ್ವನಿ ಏರಿಳಿಯುವ ರೀತಿಯಲ್ಲಿ ಹೋಲಿಕೆ ಇರುತ್ತದೆ ಎಂದು ಅವರು ತೋರಿಸಿದ್ದರು. ಕನ್ನಡದ ಮನೆಗಳಲ್ಲಿ ಮಗುವನ್ನು ರಮಿಸುವ ದನಿಯನ್ನೂ ಗದರುವ ದನಿಯನ್ನೂ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದರಿದಾಗ ಕಿಸ್ಮೆಟ್ ತಲೆ ತಗ್ಗಿಸುತ್ತಿತ್ತು, ಕಿವಿ ಇಳಿಬಿಡುತ್ತಿತ್ತು. ಗದರಿದವರಲ್ಲಿ ಕೆಲವರು ತಮಗೆ ಬೇಸರವಾಯಿತೆಂದು ಹೇಳಿಕೊಂಡರು. ಯಂತ್ರದೊಳಗೆ ಯಾವ ನೋವೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಅದೇ ಎಂಐಟಿಯಲ್ಲಿ ಜೋಸೆಫ್ ವೈಝೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲಿಝಾ’ ಎಂಬ ಸಂಭಾಷಣೆಯ ಪ್ರೋಗ್ರಾಮಿನ ಮುಂದೆಯೂ ಜನ ಇದೇ ರೀತಿ ಮನಸ್ಸು ಬಿಚ್ಚಿದ್ದರು, ಮತ್ತು ಅದನ್ನು ಕಂಡು ವೈಝೆನ್‌ಬಾಮ್ ಕಳವಳಗೊಂಡಿದ್ದರು. ಆ ಕಳವಳ ನ್ಯಾಯವಾದದ್ದೇ. ಮನುಷ್ಯರು ಇಷ್ಟು ಸುಲಭವಾಗಿ ಯಂತ್ರಕ್ಕೆ ಮನಸ್ಸು ಕೊಡುತ್ತಾರೆಂದಮೇಲೆ, ಒಂಟಿಯಾಗಿರುವ ವೃದ್ಧರ ಮನೆಯಲ್ಲಿ ಕಣ್ಣು ಪಿಳುಕಿಸುವ ರೋಬೋಟನ್ನು ಇಡುವ ವಿದ್ಯಾರ್ಥಿ ತನ್ನ ಕೋಡ್‌ನಷ್ಟೇ ಎಚ್ಚರಿಕೆಯಿಂದ ತನ್ನ ನಡೆಯನ್ನೂ ಯೋಚಿಸಬೇಕು.

ನಮ್ಮಲ್ಲಿ ಇಂಥ ಕೆಲಸ ಆಗದಿರಲು ಕಾರಣಗಳಿವೆ. ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ವಿಷಯ ಆರಿಸಿ, ಸಾರಾಂಶ ಕೊಟ್ಟು, ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು, ಒಂದು ಸರ್ವೊ ಮೋಟರು ಸುಟ್ಟು, ಇನ್ನೊಂದನ್ನು ತರಿಸಿ, ಕೊನೆಗೆ ಯಂತ್ರ ಅಲುಗುವ ಹೊತ್ತಿಗೆ ವರದಿ ಬೈಂಡಿಂಗ್ ಮಾಡಿಸುವ ದಿನ ಬಂದಿರುತ್ತದೆ. ಜನರ ಮೇಲೆ ಪರೀಕ್ಷಿಸುವುದೆಂದರೆ ಹಾಸ್ಟೆಲಿನ ಗೆಳೆಯರನ್ನು ಕರೆದು ‘ಚೆನ್ನಾಗಿದೆಯಾ?’ ಎಂದು ಕೇಳುವುದಾಗುತ್ತದೆ. ಗೆಳೆಯರು ಚೆನ್ನಾಗಿದೆ ಎನ್ನುತ್ತಾರೆ. ಅದು ಬಾರ್ ಚಾರ್ಟ್ ಆಗಿ ಕೊನೆಯ ಅಧ್ಯಾಯಕ್ಕೆ ಸೇರುತ್ತದೆ.

ಯಂತ್ರ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ ಎಂಬುದನ್ನು ಸಹ ಒಬ್ಬ ವಿದ್ಯಾರ್ಥಿಯೇ ತೋರಿಸಿಕೊಟ್ಟಿದ್ದಾನೆ. 1980ರ ಆಸುಪಾಸಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕೆಲಿ, ಇಂಗ್ಲಿಷಿನಲ್ಲಿ ಬರೆದದ್ದನ್ನು ಅರ್ಥ ಮಾಡಿಕೊಂಡು ದಿನಚರಿ ನೋಡಿಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್ ಒಂದನ್ನು ಬೆಳೆಸುತ್ತಿದ್ದರು. ಮೊದಮೊದಲು ಪ್ರೋಗ್ರಾಮಿಗೆ ತಿಳಿಯದ ಮಾತು ಬಂದಾಗ ಅವರೇ ಮರೆಯಲ್ಲಿ ಕುಳಿತು ಉತ್ತರಿಸುತ್ತಿದ್ದರು. ಜನ ನಿಜವಾಗಿ ಬಳಸುವ ಮಾತುಗಳನ್ನು ಸಂಗ್ರಹಿಸಿ ಪ್ರೋಗ್ರಾಮಿಗೆ ಸೇರಿಸುತ್ತಾ ಹೋದಂತೆ ಅವರು ನಡುವೆ ಬರುವುದು ಕಡಿಮೆಯಾಯಿತು. ‘ವಿಝರ್ಡ್ ಆಫ್ ಓಝ್’ ಎಂದು ಹೆಸರಾದ ಈ ವಿಧಾನ ಇಂದು ರೋಬೋಟ್ ಸಂಶೋಧನೆಯಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ರಟ್ಟಿನ ತಲೆ, ಒಂದು ಬ್ಲೂಟೂತ್ ಸ್ಪೀಕರ್, ಪಕ್ಕದ ಕೋಣೆಯಲ್ಲಿ ಮೊಬೈಲ್ ಹಿಡಿದ ಒಬ್ಬ ವಿದ್ಯಾರ್ಥಿ ಇಷ್ಟಿದ್ದರೆ ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಆರಂಭಿಸಬಹುದು. ಆದರೆ ಆಟ ಮುಗಿದ ಮೇಲೆ ಮಾತಾಡಿದ್ದು ಯಾರು ಎಂಬುದನ್ನು ಭಾಗವಹಿಸಿದವರಿಗೆ ಹೇಳಲೇಬೇಕು, ಅವರ ಒಪ್ಪಿಗೆಯನ್ನು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಓದಿ ಹೇಳಿಯೇ ಪಡೆಯಬೇಕು.

ಕನ್ನಡದಲ್ಲಿ ಮಾತಾಡುವ ಯಂತ್ರಗಳಿಗೆ ಈಗ ನೆಲ ಸಿದ್ಧವಾಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಪೈರ್ ಪ್ರಯೋಗಾಲಯ ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳ ಮಾತನ್ನು, ಅವುಗಳ ಪ್ರಾದೇಶಿಕ ರೂಪಗಳ ಸಮೇತ, ಕೃಷಿ ಮತ್ತು ಹಣಕಾಸಿನ ವಿಷಯಗಳಲ್ಲಿ ಸಂಗ್ರಹಿಸಿದೆ. ಮಾತನ್ನು ಅಕ್ಷರಕ್ಕಿಳಿಸುವ ತೊಡಕು ಇದರಿಂದ ಕಡಿಮೆಯಾದೀತು. ಕಲಬುರಗಿಯ ರೈತರಾಗಲಿ ಕುಂದಾಪುರದ ಅಜ್ಜಿಯಾಗಲಿ ಯಂತ್ರದ ಮುಂದೆ ನಿಂತಾಗ ಮಾತಾಡದೆಯೇ ಏನೇನು ಹೇಳುತ್ತಾರೆ ಎಂಬುದನ್ನು ಮಾತ್ರ ಯಾರಾದರೂ ಹೋಗಿ ನೋಡಬೇಕು.

ನನ್ನ ಬಳಿ ಕೆಲಸ ಮಾಡುತ್ತಿರುವ ತಂಡವೊಂದು ಹಾಗೆ ಹೋಗಿ ನೋಡಿದೆ. ಅವರದು ಮಾತ್ರೆಯ ಹೊತ್ತನ್ನು ನೆನಪಿಸುವ ಪುಟ್ಟ ರೋಬೋಟ್: ಸರ್ವೊ ಮೇಲೆ ತಿರುಗುವ ತಲೆ, ಎಲ್‌ಇಡಿ ಕಣ್ಣು, ರೆಕಾರ್ಡ್ ಮಾಡಿದ ಕನ್ನಡದ ದನಿ. ತಂಡದ ಹುಡುಗನೊಬ್ಬನ ಊರಿನಲ್ಲಿ, ಅವನ ಅಜ್ಜಿಯ ಮುಂದೆ ಅದನ್ನಿಟ್ಟು, ಒಪ್ಪಿಗೆ ಪಡೆದು ವಿಡಿಯೊ ಮಾಡಿದರು. ‘ಅಜ್ಜಿ, ಬೆಳಗಿನ ಮಾತ್ರೆ ತಗೊಂಡ್ರಾ?’ ಎಂದು ಅದು ಕೇಳಿತು. ಅಜ್ಜಿ ಹೂಂ ಎಂಬಂತೆ ತಲೆಯಾಡಿಸಿದರು. ಯಂತ್ರಕ್ಕೆ ಇದ್ದದ್ದು ಮೈಕ್ ಮಾತ್ರ. ಉತ್ತರ ಬರಲಿಲ್ಲವೆಂದು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿತು. ಅಜ್ಜಿ ಮೊಮ್ಮಗನ ಕಡೆ ತಿರುಗಿ, ‘ತಗೊಂಡೆ ಅಂತ ನೀನೇ ಹೇಳೋ ಅದಕ್ಕೆ’ ಎಂದರು. ಮೂರನೆಯ ಸಲ ಕೇಳಿದಾಗ ಅವರ ಕೈ ಮಾತ್ರೆಯ ಡಬ್ಬಿಯ ಕಡೆ ಹೋಯಿತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿದರೆ ಆಗುವ ಅಪಾಯ ಸಣ್ಣದಲ್ಲ. ಮೊಮ್ಮಗ ಅಲ್ಲಿಯೇ ಇದ್ದುದರಿಂದ ಕೈ ಹಿಡಿದು ತಡೆದ.

ಆ ವಿಡಿಯೊವನ್ನು ನಾಲ್ಕು ಅಂಕಣಗಳಲ್ಲಿ ಬರೆಯಲು ಹೇಳಿದ್ದೆ. ಅವರು ಬರೆದು ತಂದ ಹಾಳೆಯಲ್ಲಿ ಐದು ಅಂಕಣಗಳಿದ್ದವು. ಮೊಮ್ಮಗನ ಮಾತು, ಕೈ, ನೋಟಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ‘ಪಕ್ಕದಲ್ಲಿರುವವರು’ ಎಂಬ ಹೊಸ ಅಂಕಣವನ್ನು ಅವರೇ ಸೇರಿಸಿದ್ದರು. ನನಗೆ ಇದು ಬಹಳ ಮುಖ್ಯವಾದ ಹೆಜ್ಜೆಯಾಗಿ ಕಾಣುತ್ತದೆ. ನಮ್ಮಲ್ಲಿ ಯಂತ್ರದ ಎದುರು ಜನ ಒಬ್ಬರೇ ನಿಲ್ಲುವುದು ಕಡಿಮೆ. ಎಟಿಎಮ್ಮಿನಲ್ಲಿ ಕಾವಲುಗಾರ ಕಾರ್ಡು ಹಾಕಿಕೊಡುತ್ತಾನೆ, ಬ್ಯಾಂಕಿನ ಪಾಸ್‌ಬುಕ್ ಯಂತ್ರದ ಮುಂದೆ ಹಿಂದಿನ ಸಾಲಿನವರು ಪುಟ ತಿರುವಿಕೊಡುತ್ತಾರೆ, ಜೆರಾಕ್ಸ್ ಯಂತ್ರವಂತೂ ಅಂಗಡಿಯವನದೇ. ಇವರೆಲ್ಲ ಯಂತ್ರದ ಕೊರತೆಯನ್ನು ತುಂಬುತ್ತಿದ್ದಾರೆ, ಆದರೆ ಯಾವ ವಿನ್ಯಾಸದ ನಕ್ಷೆಯಲ್ಲೂ ಇವರಿಗೆ ಜಾಗವಿಲ್ಲ.

ತಂಡ ಈಗ ಎರಡು ಬದಲಾವಣೆ ಮಾಡಿದೆ. ಉತ್ತರ ಕೇಳಿಸದಿದ್ದರೆ ರೋಬೋಟ್ ಪ್ರಶ್ನೆಯನ್ನು ಮತ್ತೆ ಹೇಳದೆ, ‘ನನಗೆ ಕೇಳಿಸಲಿಲ್ಲ ಅಜ್ಜಿ, ಮಾತ್ರೆ ಈಗ ಮತ್ತೆ ತಗೋಬೇಡಿ’ ಎನ್ನುತ್ತದೆ. ಡಬ್ಬಿಯ ಮುಚ್ಚಳಕ್ಕೆ ಒಂದು ಸ್ವಿಚ್ ಕೂಡಿಸಿ, ಅದು ತೆರೆದ ಹೊತ್ತನ್ನು ಬರೆದಿಡುತ್ತಾರೆ. ಮುಚ್ಚಳ ತೆರೆದ ಮಾತ್ರಕ್ಕೆ ಮಾತ್ರೆ ನುಂಗಿದರೆಂದು ಅರ್ಥವಲ್ಲ ಎಂಬುದನ್ನು ವರದಿಯ ಮಿತಿಗಳ ಭಾಗದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ದಸರಾ ರಜೆಯಲ್ಲಿ ಮತ್ತೆ ಅದೇ ಮನೆಗೆ ಹೋಗುತ್ತಾರೆ. ಈ ಸಲ ಮೊಮ್ಮಗ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಹಿತ್ತಲಿನಲ್ಲಿ ಇರುತ್ತಾನೆ. ಡಬ್ಬಿಯಲ್ಲಿ ನಿಜವಾದ ಮಾತ್ರೆಯ ಬದಲು ಕಲ್ಲುಸಕ್ಕರೆಯನ್ನೂ ಇಡುವಂತಿಲ್ಲವಾದ್ದರಿಂದ, ಖಾಲಿ ಡಬ್ಬಿಯಿಂದಲೇ ಪರೀಕ್ಷೆ ನಡೆಸುವುದೆಂದು ಅಜ್ಜಿಯ ಜೊತೆಯೇ ಮಾತಾಡಿ ತೀರ್ಮಾನಿಸಿದ್ದಾರೆ.